ವಾದಿಯೇ ಕೇಳಿದ ವಾಯಿದೆ

ತನ್ನ ಕೇಸನ್ನು ತಾನೇ ಮುಗಿಯದಂತೆ ಕಾಯುವುದರಲ್ಲಿ ನಮ್ಮ ಸೋದರಮಾವನನ್ನು ಮೀರಿಸುವವರು ಬೆಂಗಳೂರಿನಲ್ಲಿ ಇನ್ನೊಬ್ಬರಿಲ್ಲ! ಲಿಂಗರಾಜಪುರದಲ್ಲಿ ಅವರದೂ ಅವರ ಅಣ್ಣ ದೊಡ್ಡಮಾವನದೂ ಅಕ್ಕಪಕ್ಕದ ಮನೆ. ನಡುವಿನ ಓಣಿ ಯಾರದು ಎಂದು ಮಾವನೇ ದಾವೆ ಹೂಡಿದ್ದರು. ಅಂದಿನಿಂದ ಮಾತಿಲ್ಲ, ಕತೆಯಿಲ್ಲ. "ಎದುರು ಪಾರ್ಟಿ ಹತ್ರ ಮಾತಾಡ್ಬೇಡಿ" ಎಂದು ವಕೀಲರು ಹೇಳಿದ್ದರಂತೆ. ಮಾವ ಕಾನೂನಿಗೆ ತಲೆಬಾಗುವ ಮನುಷ್ಯ!

ಪ್ರತಿವಾದಿ ವಾಯಿದೆ ಕೇಳುವುದು ಲೋಕರೂಢಿ. ಇಲ್ಲಿ ವಾದಿಯೇ ಕೇಳುತ್ತಿದ್ದರು. ಒಮ್ಮೆ ಕನ್ನಡಕ ಮರೆತೆ ಎಂದರು. ಇನ್ನೊಮ್ಮೆ ಪತ್ರಗಳಿಗೆ ಗೆದ್ದಲು ಹಿಡಿದಿದೆ ಎಂದರು. ಕೊನೆಗೆ ನ್ಯಾಯಾಧೀಶರೇ ರೇಗಿದರು.

"ಕೇಸ್ ಹಾಕಿರೋರು ನೀವೇ ತಾನೇ? ಸಾಕ್ಷಿ ಹೇಳೋಕೆ ಏನ್ರೀ ಕಷ್ಟ?"

"ಕಷ್ಟ ಏನಿಲ್ಲ ಸ್ವಾಮಿ. ಹೇಳ್ಬಿಟ್ರೆ ಕೇಸ್ ಮುಗ್ದೋಗತ್ತಲ್ಲ!"

ವಕೀಲರು ಹಣೆ ಚಚ್ಚಿಕೊಂಡರು.

ಗುಟ್ಟು ಗೊತ್ತಾದದ್ದು ನಾನು ಜೊತೆಗೆ ಹೋದ ದಿನ. ಅಣ್ಣ ತಮ್ಮ ಒಂದೇ ಬಸ್ಸು ಹತ್ತಿದರು. ಒಬ್ಬರು ಮುಂದೆ, ಒಬ್ಬರು ಹಿಂದೆ, ಪರಿಚಯವೇ ಇಲ್ಲದವರ ಹಾಗೆ. ಶಿವಾಜಿನಗರದಲ್ಲಿ ಇಳಿದದ್ದೇ ತಡ, ಒಂದೇ ಚಹಾದಂಗಡಿಯ ಒಂದೇ ಬೆಂಚು! "ಆವೋ ಮಾಮು, ಇವತ್ತೂ ಕೋರ್ಟ್ ತಾರೀಖಾ?" ಎನ್ನುತ್ತ ಅಂಗಡಿಯ ಭಾಯ್ ಕೇಳುವ ಮೊದಲೇ ಹಾಲಿಲ್ಲದ ಎರಡು ಸುಲೈಮಾನಿ ಚಹಾ ಇಟ್ಟ. ಅಣ್ಣನ ಮಂಡಿನೋವು, ತೀರಿಹೋದ ಅಜ್ಜಿಯ ಕೈರುಚಿ, ಎಲ್ಲದರ ವಿಚಾರಣೆಯೂ ಅಲ್ಲೇ. ಮನೆಯಲ್ಲಿ ಮಾತಾಡಿದರೆ ಮರ್ಯಾದೆ ಏನಾಗಬೇಕು? ಕೋರ್ಟಿನ ತಾರೀಖು ಇಲ್ಲದಿದ್ದರೆ ಮಾವನಿಗೆ ಅಣ್ಣನೂ ಇಲ್ಲ.

ಅಂದು ಮಾತು ಬೆಳೆಯಿತು. ಕೋರ್ಟು ತಲುಪುವಷ್ಟರಲ್ಲಿ ಹೆಸರು ಕೂಗಿ ಆಗಿತ್ತು. ವಾದಿಗೆ ಕೇಸು ನಡೆಸುವ ಆಸಕ್ತಿಯೇ ಇಲ್ಲವೆಂದು ದಾವೆ ವಜಾ! ಗೆದ್ದ ದೊಡ್ಡಮಾವ ಸೋತವರಿಗಿಂತ ಹೆಚ್ಚು ಮಂಕಾಗಿದ್ದರು.

ಆಮೇಲೆ ಮಾವನಿಗೆ ಊಟ ಸೇರಲಿಲ್ಲ, ಮನೆಯಿಂದ ಹೊರಗೂ ಬರಲಿಲ್ಲ. ನೋಡಿ ನನಗೆ ಸಂಕಟವಾಗುತ್ತಿತ್ತು. ಒಂದು ಸಂಜೆ ದೊಡ್ಡಮಾವ ಕುಂಟುತ್ತ ಆ ಓಣಿ ದಾಟಿ ಬಂದು, ಬಾಗಿಲಲ್ಲೇ ನಿಂತು ಗದರಿದರು.

"ಯಾಕೋ, ವಜಾ ಆದ ಕೇಸ್ ಮತ್ತೆ ನಡೆಸಿ ಅಂತ ಕೋರ್ಟಿಗೆ ಅರ್ಜಿ ಹಾಕಲ್ವೇನೋ? ಹಾಕು. ನಾನು ತಕರಾರು ಮಾಡಲ್ಲ ಕಣೋ."

ಮಾವ ಎದ್ದು ಅವರ ಕೈ ಹಿಡಿದುಕೊಂಡರು.

"ಅರ್ಜಿ ಯಾಕಣ್ಣ? ಒಳಗ್ ಬಾ" ಎಂದವರು ಅತ್ತೇಬಿಟ್ಟರು.