ಅತ್ತೆಗಾಗಿ ಬದಲಾಯಿಸಿದ ಕೊಲೆಗಾರ

ನನ್ನ ಇಂಗ್ಲಿಷ್ ಬಗ್ಗೆ ನನಗೆ ಎಂದೂ ಅನುಮಾನವಿರಲಿಲ್ಲ. ಸೋಲಾಪುರದ ಕಚೇರಿಯಲ್ಲಿ ಇಪ್ಪತ್ತೆರಡು ವರ್ಷಗಳಿಂದ ರಜಾ ಅರ್ಜಿಯನ್ನು ಇಂಗ್ಲಿಷಿನಲ್ಲೇ ಬರೆಯುತ್ತಿರುವವನು ನಾನು! ಹೀಗಾಗಿ ಅಕ್ಕಲಕೋಟದ ನಮ್ಮ ಅತ್ತೆಯ ಆಸೆ ತೀರಿಸುವ ಹೊಣೆಯನ್ನು ನಾನಾಗಿಯೇ ಮೈಮೇಲೆ ಎಳೆದುಕೊಂಡೆ.

ಆಸೆ ದೊಡ್ಡದೇನಲ್ಲ. ತಮ್ಮ ಮದುವೆಯಾದ ಹೊಸತರಲ್ಲಿ ಮಾವ ಅತ್ತೆಯನ್ನು ಸೋಲಾಪುರಕ್ಕೆ ಕರೆತಂದು, ಹಳೆಯ ಪತ್ತೇದಾರಿ ಕಥೆಯಿಂದ ತೆಗೆದ ಕಪ್ಪು-ಬಿಳುಪಿನ ಇಂಗ್ಲಿಷ್ ಸಿನಿಮಾ ತೋರಿಸಿದ್ದರು. ಕೊಲೆಗಾರ ಯಾರೆಂದು ಪತ್ತೇದಾರ ಹೇಳುವಷ್ಟರಲ್ಲಿ ಬಸ್ಸಿಗೆ ಹೊತ್ತಾಯಿತೆಂದು ಇಬ್ಬರೂ ಎದ್ದು ಓಡಿದ್ದರು. "ಡಾಕ್ಟರನೇ ಕೊಂದಾನ. ಬೇಕಾದ್ರ ಬರಕೋ," ಎಂದು ಮಾವ ಬಸ್ಸಿನಲ್ಲೇ ತೀರ್ಪು ಕೊಟ್ಟರಂತೆ. ಮಾವ ತೀರಿಹೋಗಿ ಮೂರು ವರ್ಷವಾಯಿತು. "ಅವರು ಹೇಳಿದ್ದು ಖರೇನೋ ಏನೋ, ಒಮ್ಮೆ ನೋಡಬೇಕಾಗಿತ್ತು," ಎಂಬ ಮಾತು ಅತ್ತೆಯ ಬಾಯಲ್ಲಿ ಉಳಿದಿತ್ತು.

ಸಿನಿಮಾದ ಹೆಸರು ಅತ್ತೆಗೆ ನೆನಪಿತ್ತು. ಸಿನಿಮಾ ನನ್ನ ಮೊಬೈಲಿನಲ್ಲಿ ಸಿಕ್ಕಿತು. ರವಿವಾರ ಮಧ್ಯಾಹ್ನ ಅವರ ಮನೆಯ ಟಿವಿಗೆ ಜೋಡಿಸಿದೆ. ಮೊದಲೇ ಒಮ್ಮೆ ನೋಡಿಕೊಂಡು ಹೋಗುವ ಅಗತ್ಯ ನನಗೆ ಕಾಣಲಿಲ್ಲ. ಅಲ್ಲೇ ಎಡವಿದೆ.

ಅತ್ತೆ ತಲೆತುಂಬ ಸೆರಗು ಹೊದ್ದು ಕುಳಿತರು. ಅಳಿಯನೊಂದಿಗೆ ನೇರವಾಗಿ ಮಾತಾಡುವ ರೂಢಿ ಅವರಿಗಿಲ್ಲ. ಎಲ್ಲವೂ ನನ್ನ ಹೆಂಡತಿ ಶಾಂತಾಳ ಮೂಲಕವೇ. ಸಿನಿಮಾದವರೋ ಬಾಯಲ್ಲಿ ಬಿಸಿ ಭಜಿ ಇಟ್ಟುಕೊಂಡವರಂತೆ ಮಾತಾಡುತ್ತಿದ್ದರು. ನನಗೆ ತಿಳಿದದ್ದು 'ಯೆಸ್' ಮತ್ತು 'ನೋ' ಮಾತ್ರ! ಆದರೂ ಧೈರ್ಯದಿಂದ ಅರ್ಥ ಹೇಳುತ್ತ ಹೋದೆ. ಸತ್ತವನ ಹೆಂಡತಿಯೆಂದು ನಾನು ಪರಿಚಯಿಸಿದವಳು ಅರ್ಧ ಗಂಟೆಯ ಮೇಲೆ ಅಡುಗೆಯವಳೆಂದು ಗೊತ್ತಾಯಿತು.

ಕೊನೆಗೆ ಪತ್ತೇದಾರ ಬೆರಳೆತ್ತಿ ತೋರಿಸಿದ. ಗುಮಾಸ್ತನ ಕಡೆಗೆ!

"ಅಪ್ಪಾ ಹೇಳಿದ್ದು ಸುಳ್ಳಾತಂದ್ರ ಅವ್ವ ಅಳ್ತಾಳ ನೋಡ್ರಿ," ಎಂದು ಶಾಂತಾ ಕಿವಿಯಲ್ಲಿ ಉಸುರಿದಳು. ಗೋಡೆಯ ಮೇಲಿನ ಫೋಟೋದಿಂದ ಮಾವ ನನ್ನನ್ನೇ ನೋಡುತ್ತಿದ್ದರು.

"ಡಾಕ್ಟರನೇ ಕೊಂದಾನ್ರಿ!" ಎಂದು ಘೋಷಿಸಿಬಿಟ್ಟೆ.

"ಶಾಂತಾ, ಮತ್ತ ಗುಮಾಸ್ತಗ ಬೇಡಿ ಯಾಕ ಹಾಕ್ಯಾರ, ಕೇಳು," ಎಂದರು ಅತ್ತೆ.

"ಅಂವ ಸಾಕ್ಷಿ ಹೇಳಾಂವ್ರಿ. ಓಡಿ ಹೋಗಬಾರದಂತ."

"ಡಾಕ್ಟರ್ ಆರಾಮ ಚಹಾ ಕುಡಿಯಾಕತ್ತಾನಲ್ಲ, ಶಾಂತಾ?"

"ಜೇಲಿಗಿ ಹೋಗೂ ಮುಂದ ಕಡೀ ಚಹಾ!"

ಅಷ್ಟರಲ್ಲಿ ನಾಯಕಿ ಓಡಿಬಂದು ಡಾಕ್ಟರನ ಎದೆಗೆ ಒರಗಬೇಕೇ! ನನ್ನ ಅಂಗಿ ಬೆವರಿನಿಂದ ಒದ್ದೆಯಾಗಿತ್ತು.

"ಆಕಿ... ಆಕಿ ಪೊಲೀಸ್ ಅದಾಳ್ರಿ. ಕಿಸೆ ತಪಾಸಣಿ ಮಾಡಾಕತ್ತಾಳ."

ಅತ್ತೆ ಸೆರಗನ್ನು ಬಾಯಿಗೆ ಒತ್ತಿಕೊಂಡರು. ಭುಜಗಳು ಅಲುಗತೊಡಗಿದವು. ಅಳುತ್ತಿದ್ದಾರೆಂದು ಗಾಬರಿಯಾದೆ. ಸೆರಗು ಸರಿದಾಗ ನೋಡಿದರೆ, ನಗು!

"ಬೆವರು ಒರಸಿಕೊಳ್ರಿ," ಎಂದು ಮೊದಲ ಸಲ ನನ್ನೊಂದಿಗೆ ನೇರವಾಗಿ ಮಾತಾಡಿದರು. "ಐವತ್ತು ವರ್ಷದ ಸಂಸಾರದಾಗ ಅವರು 'ನಂದು ತಪ್ಪಾತು' ಅಂದವರಲ್ಲ. ಒಮ್ಮೆಯಾದ್ರೂ ಅವರು ತಪ್ಪಿದ್ದು ನೋಡಬೇಕಂತ ಕಾದು ಕುಂತಿದ್ದೆ. ನೀವು ಅದನ್ನೂ ಮುಚ್ಚಾಕ ಹೊಂಟೀರಿ!"

ಎದ್ದು ಹೋಗಿ ಫೋಟೋದ ಮುಂದೆ ನಿಂತರು. "ಕೇಳಿದ್ರೇನು? ಡಾಕ್ಟರ್ ಅಲ್ಲ, ಗುಮಾಸ್ತ," ಎಂದು ಗೆದ್ದವರ ದನಿಯಲ್ಲಿ ಹೇಳಿ, ಸೆರಗಿನಿಂದ ಗಾಜು ಒರೆಸಿದರು. ಒರೆಸುತ್ತಲೇ ಇದ್ದರು. ನನ್ನ ಕಣ್ಣೂ ತುಂಬಿ ಬಂತು.

"ಅವತ್ತು ಟಾಕೀಜಿನಾಗ ಅವರೂ ನನಗ ಹಿಂಗೇ ಅರ್ಥ ಹೇಳಿದ್ರು. ಹಿಂಗೇ ಬೆವತಿದ್ರು," ಎಂದು ನನ್ನ ಕಡೆ ತಿರುಗಿದರು. "ಮುಂದಿನ ರವಿವಾರ ಇನ್ನೊಂದು ಇಂಗ್ಲಿಷ್ ಸಿನಿಮಾ ತರ್ರಿ. ಅರ್ಥ ಮಾತ್ರ ನೀವೇ ಹೇಳಬೇಕು. ಅವರು ಹೋದ ಮ್ಯಾಲ ಇಷ್ಟು ನಕ್ಕಿದ್ದು ಇವತ್ತೇ."

ನಾನು ತೋರಿಸಿದ್ದು ಕೊಲೆಯ ಸಿನಿಮಾ! ಆದರೂ ಪ್ರತಿ ರವಿವಾರ ತಪ್ಪದೆ ಹೋಗುತ್ತಿದ್ದೇನೆ. ರಜಾ ಅರ್ಜಿಯನ್ನು ಮಾತ್ರ ಈಗ ಮರಾಠಿಯಲ್ಲಿ ಬರೆಯುತ್ತೇನೆ.