ಐರ್ಲೆಂಡಿನವರು ದಸ್ತಿ ಹಾಕಿದ್ದು

ಪರದೇಶದವರು ಹಾವೇರಿಗೆ ಬಂದು ನೆಲೆಸಿದರೆ ದಿನಕ್ಕೊಂದು ಏನಾದರೂ ನಡೆಯುತ್ತಲೇ ಇರುತ್ತದೆ. ಏನೂ ನಡೆಯದ ದಿನ ಅವರು ಮನೆಯಿಂದ ಹೊರಬಿದ್ದಿಲ್ಲ ಎಂದು ತಿಳಿಯಬೇಕು.

ನಮ್ಮ ಶಾಲೆಗೆ ಇಂಗ್ಲಿಷ್ ಕಲಿಸಲು ಐರ್ಲೆಂಡಿನಿಂದ ಗಂಡ ಹೆಂಡತಿ ಬಂದರು. ಅವರನ್ನು ಊರಿಗೆ ಹೊಂದಿಸುವ ಕೆಲಸವನ್ನು ಹೆಡ್‌ಮಾಸ್ತರರು ಸಮಾಜ ವಿಜ್ಞಾನ ಕಲಿಸುವ ನನಗೆ ವಹಿಸಿದರು. ಹಿಂದಿನ ವರ್ಷ ಬಂದಿದ್ದ ವಿದೇಶಿ ಮಾಸ್ತರ ದಸರಾ ರಜೆಗೆ ತನ್ನ ದೇಶಕ್ಕೆ ಹೋದವನು ಅಲ್ಲೇ ಉಳಿದುಬಿಟ್ಟಿದ್ದ. ಮಿಕ್ಕ ಇಂಗ್ಲಿಷ್ ಪಾಠವನ್ನೆಲ್ಲ ನಾನೇ ಮಾಡಿದ್ದೆ. ಅದರಿಂದ ಮಕ್ಕಳು ಇನ್ನೂ ಪೂರ್ತಿ ಚೇತರಿಸಿಕೊಂಡಿಲ್ಲ.

"ಈ ಸಲ ಇವರೂ ಹೋದ್ರಂದ್ರ ಮತ್ತ ನೀವೇ ನೋಡ್ರಿ," ಎಂದರು ಹೆಡ್‌ಮಾಸ್ತರರು. ಬೆದರಿಕೆ ನನಗೋ ಮಕ್ಕಳಿಗೋ ತಿಳಿಯಲಿಲ್ಲ.

ಸಾಲು ಎಲ್ಲಿದೆ?

ಮೊದಲ ಭಾನುವಾರ ರಾಣೇಬೆನ್ನೂರಿಗೆ ಹೊರಟೆವು. ಬಸ್ ನಿಲ್ದಾಣದಲ್ಲಿ ಅವರಿಬ್ಬರೂ ಒಬ್ಬರ ಹಿಂದೆ ಒಬ್ಬರು ಶಿಸ್ತಾಗಿ ನಿಂತರು. ಅವರ ಹಿಂದೆ ಯಾರೂ ನಿಲ್ಲಲಿಲ್ಲ. ಎರಡು ಬಸ್ಸು ತುಂಬಿ ಹೋದವು.

"ಇಲ್ಲಿ ಸಾಲು ಎಲ್ಲಿಂದ ಶುರುವಾಗುತ್ತದೆ ಸರ್?" ಗಂಡ ಕೇಳಿದ.

"ಕಿಟಕಿಯಿಂದ," ಎಂದು ನಾನು ಮುಂದಿನ ಬಸ್ಸಿನ ಕಿಟಕಿಯೊಳಗೆ ನನ್ನ ದಸ್ತಿ, ಅಂದರೆ ಕರವಸ್ತ್ರ, ಎಸೆದೆ. ನಾವು ಹತ್ತುವ ಹೊತ್ತಿಗೆ ಒಳಗೆ ಕಾಲಿಡಲು ಜಾಗವಿರಲಿಲ್ಲ. ದಸ್ತಿ ಬಿದ್ದ ಸೀಟು ಮಾತ್ರ ಖಾಲಿ ಇತ್ತು. ಹಿಂದಿನ ಸೀಟಿನ ಕರ್ಜಗಿಯ ಅಜ್ಜಿಯೊಬ್ಬಳು ಅಲ್ಲಿ ಕೂರಲು ಬಂದವನನ್ನು ಗದರಿಸುತ್ತಿದ್ದಳು: "ಮ್ಯಾಲೆ ದಸ್ತಿ ಐತಿ, ಕಾಣಂಗಿಲ್ಲೇನೋ?"

ಮರುವಾರ ಆತ ತಾನೇ ಎಸೆದ. ಎಸೆತ ಚೆನ್ನಾಗಿತ್ತು, ಬಸ್ಸು ಬೇರೆಯದು. ದಸ್ತಿ ಬ್ಯಾಡಗಿಗೆ ಹೋಯಿತು. ಹಸಿರು ಎಲೆಗಳ ಚಿತ್ರವಿದ್ದ ಅಂಥ ದಸ್ತಿ ಊರಲ್ಲಿ ಇನ್ನೊಬ್ಬರ ಬಳಿ ಇರಲಿಲ್ಲವಾದ್ದರಿಂದ ಕಂಡಕ್ಟರ್ ಸಂಜೆ ಅದನ್ನು ಮಡಿಚಿ ತಂದುಕೊಟ್ಟ.

"ಯಾರನ್ನೂ ಕುಂದ್ರಿಸಿಲ್ರಿ. ಸೀಟು ಬ್ಯಾಡಗಿತನಕ ಖಾಲಿನ ಹೋತು," ಎಂದ.

ಬಣ್ಣ ನೋಡಿ ಉಣ್ಣುವುದು

ಬ್ಯಾಡಗಿಯ ಮೆಣಸಿನಕಾಯಿ ಮಾರುಕಟ್ಟೆಗೆ ಹೋಗಿ ಮನಸಾರೆ ಸೀನಿ ಬಂದ ಮೇಲೆ ಆತ ಕೆಂಪು ಬಣ್ಣಕ್ಕೇ ಹೆದರತೊಡಗಿದ. ಅವರ ಮನೆ ಮಾಲಕಿಯನ್ನು ಓಣಿಯೆಲ್ಲ ಚಾಚಿ ಎನ್ನುತ್ತದೆ. ಒಂದು ಶುಕ್ರವಾರ ಚಾಚಿ ನಮ್ಮನ್ನು ಊಟಕ್ಕೆ ಕರೆದರು. ಆತ ಕೆಂಪಗೆ ಹೊಳೆಯುವ ಸಾರನ್ನು ದೂರ ಸರಿಸಿ, ಬದಿಯಲ್ಲಿದ್ದ ಹಸಿರು ಚಟ್ನಿಯನ್ನು ಪುದೀನವೆಂದು ನಂಬಿ ಚಮಚ ತುಂಬ ಬಾಯಿಗಿಟ್ಟ.

ಬಹಳ ಹೊತ್ತು ಐರ್ಲೆಂಡಿನಿಂದ ಯಾವ ಸುದ್ದಿಯೂ ಬರಲಿಲ್ಲ.

ಚಾಚಿ ಮೊಸರು ಕೊಟ್ಟು ತಲೆ ನೇವರಿಸಿದರು. "ಅರೆ ಬೇಟಾ, ಕೆಂಪಂದು ಬಣ್ಣಕ್ಕ ಹಾಕೇನಿ. ಖಾರ ಬೇಕಂತನ ಇದನ್ನ ಮಾಡೇನಿ."

ತಟ್ಟೆಯ ಮೆರವಣಿಗೆ

ಒಂದು ಸಂಜೆ ಅವರು ಶಾಲೆಯವರನ್ನೆಲ್ಲ ಚಹಾಕ್ಕೆ ಕರೆದರು. ಹೆಂಡತಿ ತಾನೇ ಮಾಡಿದ ಕೇಕಿನ ತಟ್ಟೆಯನ್ನು ಮೊದಲು ಹೆಡ್‌ಮಾಸ್ತರರ ಮುಂದೆ ಹಿಡಿದಳು. ಅವರು ಅದಕ್ಕೆಂದೇ ಮಧ್ಯಾಹ್ನದ ಊಟ ಬಿಟ್ಟು ಬಂದಿದ್ದರು. ಆದರೂ ಹಿರಿಯರು.

"ಬ್ಯಾಡ್ರಿ, ಈಗ ತಿಂದು ಬಂದೇನಿ," ಎಂದರು.

ಆಕೆ ನಂಬಿ ಮುಂದೆ ಹೋದಳು. ಹೆಡ್‌ಮಾಸ್ತರರೇ ಬೇಡವೆಂದ ಮೇಲೆ ನಾವು ಹೂಂ ಎನ್ನುವುದು ಹೇಗೆ? ತಟ್ಟೆ ನಮ್ಮೆಲ್ಲರ ಮುಂದೆ ಮೆರವಣಿಗೆ ಮಾಡಿಕೊಂಡು ಅಡುಗೆಮನೆ ಸೇರಿತು.

ಮರುದಿನ ಆಕೆಗೆ ತಿಳಿಸಿ ಹೇಳಿದೆ. ನಮ್ಮಲ್ಲಿ ಮೊದಲ 'ಬ್ಯಾಡ' ಮರ್ಯಾದೆಗೆ, ಎರಡನೆಯದು ಸಂಕೋಚಕ್ಕೆ. ಒತ್ತಾಯ ಮಾಡಿದ ಮೇಲೆ ಬರುವುದೇ ಖರೇ ಉತ್ತರ.

"ಅಯ್ಯೋ! ನಿಮಗೆ ಬೇಡವೆಂದು ಕೇಕನ್ನು ಚಾಚಿಯ ಮೊಮ್ಮಕ್ಕಳಿಗೆ ಕೊಟ್ಟೆನಲ್ಲ," ಎಂದಳು. "ಅವರು ಮೊದಲ ಸಲವೇ ಹೂಂ ಅಂದರು."

ದಸರಾ ರಜೆ

ಎಲ್ಲರೂ ಹೆದರುತ್ತಿದ್ದ ದಿನ ಬಂತು. ಇಬ್ಬರ ಚೀಲಗಳೂ ಸ್ಟಾಫ್‌ರೂಮಿನ ಬಾಗಿಲಲ್ಲಿ ನಿಂತವು. ಮಧ್ಯಾಹ್ನದ ರೈಲಿಗೆ ಬೆಂಗಳೂರು, ಅಲ್ಲಿಂದ ಐರ್ಲೆಂಡ್. ಹೆಡ್‌ಮಾಸ್ತರರು ಧೈರ್ಯ ತಂದುಕೊಂಡು, "ರಜಾ ಮುಗಿದ ಮ್ಯಾಲೆ ಬರ್ರಿ. ಮಕ್ಕಳು ದಾರಿ ನೋಡ್ತಾವು," ಎಂದರು.

ಆಕೆ ಕೈಮುಗಿದಳು. ಆ ಹೊತ್ತಿಗಾಗಲೇ ಚಾಚಿಯಿಂದ ನಾಲ್ಕು ಮಾತು ಕನ್ನಡ ಕಲಿತಿದ್ದಳು. "ಬ್ಯಾಡ್ರಿ ಸರ್."

ಹೆಡ್‌ಮಾಸ್ತರರು ಇಂಗ್ಲಿಷ್ ಪುಸ್ತಕ ತೆಗೆದು ನನ್ನ ಕೈಗಿಟ್ಟರು. ಬಾಗಿಲಲ್ಲಿ ಇಣುಕುತ್ತಿದ್ದ ಹತ್ತನೆಯ ತರಗತಿಯವರು ಅದನ್ನು ನೋಡಿ ಒಬ್ಬರನ್ನೊಬ್ಬರು ಗಟ್ಟಿಯಾಗಿ ಹಿಡಿದುಕೊಂಡರು.

ಆಗ ನನ್ನ ಕಣ್ಣಿಗೆ ಬಿತ್ತು. ಫ್ಯಾನಿನ ಕೆಳಗೆ ಅವರಿಬ್ಬರೂ ಕೂರುತ್ತಿದ್ದ ಬೆಂಚಿನ ನಡುವೆ, ಹಸಿರು ಎಲೆಗಳ ದಸ್ತಿ.

"ಸರ್, ಇನ್ನೊಮ್ಮೆ ಕೇಳ್ರಿ," ಎಂದೆ ಮೆಲ್ಲಗೆ.

"ಬರ್ರಿ ಅಕ್ಕಾರ," ಎಂದರು ಹೆಡ್‌ಮಾಸ್ತರರು.

"ಇರ್ಲಿ ಬಿಡ್ರಿ, ನಿಮಗ್ಯಾಕ ತ್ರಾಸು?"

"ಹಂಗಂದ್ರ ಹೆಂಗ್ರಿ ಅಕ್ಕಾರ! ಬರಾಕಬೇಕು!"

ಆಕೆ ಗಂಡನ ಮುಖ ನೋಡಿದಳು. ಸಾಕು ಎಂಬಂತೆ ಆತ ತಲೆಯಾಡಿಸಿದ.

"ಇಷ್ಟ ಒತ್ತಾಯ ಮಾಡಾಕತ್ತೀರಿ ಅಂದ್ರ, ಬರ್ತೇವ್ರಿ."

ಹೆಡ್‌ಮಾಸ್ತರರು ನನ್ನ ಕೈಯಿಂದ ಪುಸ್ತಕ ಕಿತ್ತುಕೊಂಡರು. "ಬರಾವರು ಇದ್ರಿ ಅಂದ್ರ ಮೊದಲ ಯಾಕ ಬ್ಯಾಡ ಅಂದ್ರಿ? ನನ್ನ ಎದಿ ಒಡದಿತ್ತಲ್ರೀ!"

ಆಕೆ ದುಪಟ್ಟಾ ಸರಿಮಾಡಿಕೊಂಡಳು.

"ಕರದ ಕೂಡ್ಲೆ ಹೂಂ ಅಂದ್ರ, ಮಂದಿ ಏನಂತಾರ್ರಿ?"