ನಮ್ಮಜ್ಜನ ಗಂಟಲು

ಬಾಳೂರಿನ ನಮ್ಮ ಕಡೆಗೆ ಟೆಲಿಫೋನ್ ಬರುವ ಎಷ್ಟೋ ವರ್ಷ ಮೊದಲೇ ನಮ್ಮ ಮನೆಯಲ್ಲಿ ಒಂದು ಟೆಲಿಫೋನ್ ಇತ್ತು. ಅದಕ್ಕೆ ತಂತಿ ಬೇಕಿರಲಿಲ್ಲ, ಬಿಲ್ ಬರುತ್ತಿರಲಿಲ್ಲ, ಗಾಳಿಗೆ ಮರ ಬಿದ್ದು ಕೆಡುತ್ತಲೂ ಇರಲಿಲ್ಲ. ಹೊತ್ತಿಗೆ ಸರಿಯಾಗಿ ಊಟ, ಹೊತ್ತು ತಪ್ಪಿ ಕಾಫಿ, ನಡುನಡುವೆ ಎಲೆಯಡಿಕೆ ಕೊಟ್ಟರೆ ಸಾಕಿತ್ತು. ಅದರಲ್ಲಿದ್ದ ಒಂದೇ ಕೊರತೆಯೆಂದರೆ ಗುಟ್ಟು ಮಾತಾಡುವ ಸೌಲಭ್ಯ ಇರಲಿಲ್ಲ. ಆ ಟೆಲಿಫೋನ್ ನಮ್ಮಜ್ಜ.

ಗುಡ್ಡದ ಇಳಿಜಾರಿನಲ್ಲಿ ಒಂದಿಷ್ಟು ಕಾಫಿ ತೋಟ, ಕೆಳಗೆ ಹೊಳೆಯಂಚಿಗೆ ತುಂಡು ಗದ್ದೆ, ಇಷ್ಟೇ ಅವರ ಆಸ್ತಿ. ಆಳು ಕುಳ್ಳು, ಸಣಕಲು. ಅಷ್ಟು ದೊಡ್ಡ ದನಿಯನ್ನು ಆ ಮೈಯೊಳಗೆ ಎಲ್ಲಿ ಇಟ್ಟುಕೊಂಡಿದ್ದರೋ ನನಗಂತೂ ಇವತ್ತಿಗೂ ಅರ್ಥವಾಗಿಲ್ಲ. ನಮ್ಮ ಕಡೆ ಕೂಗಿ ಮಾತಾಡುವುದು ಹೊಸದೇನಲ್ಲ. ಅಲ್ಲಿ ಮನೆಗಳು ಕಣ್ಣಿಗೆ ಹತ್ತಿರ, ಕಾಲಿಗೆ ದೂರ. ಎದುರು ಗುಡ್ಡದ ಮನೆಯ ಒಲೆಯ ಹೊಗೆ ಕಾಣುತ್ತದೆ. ಅಲ್ಲಿಗೆ ಹೋಗಬೇಕಾದರೆ ಹೊಳೆಗಿಳಿದು ಮತ್ತೆ ಏದುಸಿರು ಬಿಡುತ್ತ ಹತ್ತಬೇಕು. ಹಾಗಾಗಿ ಎಲ್ಲರೂ ಅಂಗಳದ ಅಂಚಿಗೆ ಬಂದು, ಬಾಯಿಗೆ ಕೈ ಅಡ್ಡ ಹಿಡಿದು 'ಕೂ' ಎನ್ನುವವರೇ. ಅಜ್ಜ ಕೈ ಅಡ್ಡ ಹಿಡಿದದ್ದನ್ನು ಕಂಡವರಿಲ್ಲ. ಅದು ಕೈಲಾಗದವರ ಉಪಾಯ ಎಂಬುದು ಅವರ ಖಚಿತ ಅಭಿಪ್ರಾಯವಾಗಿತ್ತು.

ಅಜ್ಜಿ ಇದಕ್ಕೆ ತೀರಾ ವಿರುದ್ಧ. ಅವರ ಮಾತು ಒಲೆಯ ಬುಡದಿಂದ ಹೊರಟು ಅಡುಗೆಮನೆ ಬಾಗಿಲು ಮುಟ್ಟುವಷ್ಟರಲ್ಲೇ ಸುಸ್ತಾಗುತ್ತಿತ್ತು. ಮನೆಗೆ ಬೇಕಾದ ಸದ್ದನ್ನೆಲ್ಲ ಒಬ್ಬರೇ ಒದಗಿಸುತ್ತಿದ್ದಾಗ ಇನ್ನೊಬ್ಬರು ಯಾಕೆ ಶ್ರಮಪಡಬೇಕು?

ಅಜ್ಜನ ಕೂಗುಗಳಲ್ಲೆಲ್ಲ ಮುಖ್ಯವಾದದ್ದು ಮಧ್ಯಾಹ್ನದ್ದು. ಅಡುಗೆಯಾದ ಮೇಲೆ ಅಂಗಳದಲ್ಲಿ ನಿಂತು ತೋಟದ ಆಳುಗಳನ್ನು ಊಟಕ್ಕೆ ಕರೆಯುತ್ತಿದ್ದರು. ಅವರು ಬಂದು ಕೂತ ಹೊರತು ತಾವು ಎಲೆ ಮುಂದೆ ಕೂರುತ್ತಿರಲಿಲ್ಲ. ಒಂದು ಸಲ ಪಕ್ಕದ ದೊಡ್ಡ ಎಸ್ಟೇಟಿನ ರೈಟರು, ಅಂದರೆ ಆಳುಗಳ ಹಾಜರಿ ಬರೆಯುವವರು, ಬೆವರೊರೆಸಿಕೊಳ್ಳುತ್ತ ನಮ್ಮ ಮನೆಗೆ ಬಂದರು.

"ಯಜಮಾನ್ರೆ, ನೀವು ಕೂಗಿದ ಕೂಡ್ಲೆ ನಮ್ಮ ಆಳುಗಳೂ ಬುಟ್ಟಿ ಕೆಳಗಿಡ್ತಾರೆ. ನಮ್ಮಲ್ಲಿ ಊಟಕ್ಕೆ ಇನ್ನೂ ಅರ್ಧ ಗಂಟೆ ಇರುತ್ತೆ."

"ಹಸಿವು ಯಾರ್ದು? ಅವರ್ದಾ, ನಿಮ್ದಾ?"

"ಅದಲ್ಲ, ಸ್ವಲ್ಪ ಮೆಲ್ಲಗೆ ಕೂಗ್ಬಹುದಲ್ಲ?"

"ಮೆಲ್ಲಗೇ ಕೂಗಿದ್ದು ಮಾರಾಯ್ರೆ. ನಂಗೆ ನಿನ್ನೆಯಿಂದ ಶೀತ."

ರೈಟರು ಕಾಫಿ ಕುಡಿದು ಹೋದರು. ಮುಂದಿನ ವಾರದಿಂದ ಆ ಎಸ್ಟೇಟಿನಲ್ಲಿ ಊಟದ ಹೊತ್ತು ಅರ್ಧ ಗಂಟೆ ಮುಂಚೆಯಾಯಿತು. ನೂರಾರು ಎಕರೆಯ ಸಾಹುಕಾರರ ಗಡಿಯಾರವನ್ನು ಹೀಗೆ ಗಂಟಲಿನಿಂದಲೇ ತಿರುಗಿಸಿದ ರೈತ ಇನ್ನೊಬ್ಬರು ಇದ್ದಾರೆಯೇ?

ಅವರ ಪಿಸುಮಾತಿನ ಬಗ್ಗೆಯೂ ಹೇಳಬೇಕು. ಅವರ ಕೊನೆಯ ಮಗಳನ್ನು, ನಮ್ಮ ಅತ್ತೆಯನ್ನು, ನೋಡಲು ಗೋಣಿಬೀಡಿನಿಂದ ಗಂಡಿನವರು ಬಂದಿದ್ದರು. ಮೆಲ್ಲಗೆ ಮಾತಾಡಬೇಕೆಂದು ಅಜ್ಜಿ ಹಿಂದಿನ ದಿನವೇ ಅಜ್ಜನಿಗೆ ಕೈಮುಗಿದು ತಾಕೀತು ಮಾಡಿದ್ದರು. ಅಜ್ಜ ಅದನ್ನು ಪಾಲಿಸಿದರು ಕೂಡ. ಜಗಲಿಯಲ್ಲಿ ಉಪ್ಪಿಟ್ಟು ಕೊಟ್ಟ ಮೇಲೆ ನನ್ನ ಅಪ್ಪನನ್ನು ಹಿತ್ತಲಾಚೆಯ ಕೊಟ್ಟಿಗೆಗೆ ಕರೆದೊಯ್ದು, ಅವನ ಕಿವಿಯಲ್ಲಿ ಪಿಸುಗುಟ್ಟಿದರು: "ಹುಡುಗ ಒಳ್ಳೆಯವ್ನೇ. ತಾಯಿ ಸ್ವಲ್ಪ ಜೋರು ಕಾಣ್ತಾಳೆ."

ಜಗಲಿಯಲ್ಲಿ ಉಪ್ಪಿಟ್ಟು ತಿನ್ನುವ ಸದ್ದು ನಿಂತಿತು. ಅಜ್ಜಿ ಗೋಡೆಗೆ ಒರಗಿದರು. ಅಜ್ಜ ವಾಪಸ್ ಬಂದು ಏನೂ ಆಗದವರಂತೆ ಕೂತಾಗ, ಹುಡುಗನ ತಾಯಿ ತಟ್ಟೆ ಕೆಳಗಿಟ್ಟು ಹೇಳಿದರು: "ಜೋರು ಹೌದು. ಆದ್ರೆ ನಿಮ್ಮಷ್ಟಿಲ್ಲ."

ಸಂಬಂಧ ಅವತ್ತೇ ಕುದುರಿತು.

ಅಜ್ಜನ ಬಗ್ಗೆ ಚಾಲ್ತಿಯಲ್ಲಿರುವ ಕಥೆಗಳಲ್ಲಿ ಅರ್ಧವನ್ನು ನಾನು ನಂಬುವುದಿಲ್ಲ, ಹೇಳಿದವರೆಲ್ಲ ನೆಂಟರು. ಆದರೆ ಮುಂದಿನದನ್ನು ನಾನೇ ನೋಡಿದ್ದೇನೆ. ಒಂದು ಸಂಜೆ ಕೊಟ್ಟಿಗೆಗೆ ಸೊಪ್ಪು ತರಲು ಕಾಡಿಗೆ ಹೋದ ಇಬ್ಬರು ಹೆಂಗಸರು ಮರಳಿ ಬರಲಿಲ್ಲ. ಅಷ್ಟರಲ್ಲಿ ಮಂಜು ಇಳಿದು ಅಂಗಳದ ತುಳಸಿಕಟ್ಟೆಯೂ ಕಾಣದಂತಾಯಿತು. ಆ ಕಾಡಿನ ಒಂದು ಮಗ್ಗುಲಿಗೆ ಆಳವಾದ ಕೊರಕಲಿದೆ. ಗಂಡಸರು ಟಾರ್ಚು ಹಿಡಿದು ಹೊರಟರೆ ಬೆಳಕು ಮಂಜಿಗೆ ಬಡಿದು ಅವರ ಮುಖಕ್ಕೇ ವಾಪಸ್ ಬರುತ್ತಿತ್ತು. ಅಜ್ಜ ಹುಡುಕಲು ಹೋಗಲಿಲ್ಲ. ಅಂಗಳದ ಅಂಚಿನಲ್ಲಿ ನಿಂತು ಕೂಗತೊಡಗಿದರು. ಒಂದೇ ಶ್ರುತಿ, ಒಂದೇ ಜಾಗ. ಯಾರೋ "ಸ್ವಲ್ಪ ಮೇಲೆ ಹೋಗಿ ಕೂಗಿ ಅಜ್ಜ" ಎಂದರು.

"ನಾನು ಅಲ್ಲಾಡಿದ್ರೆ ಅವರಿಗೆ ದಾರಿ ತಪ್ಪುತ್ತೆ" ಎಂದು ಮತ್ತೆ ಕೂಗಿದರು.

ಬಹಳ ಹೊತ್ತಿನ ಮೇಲೆ ಆ ಇಬ್ಬರೂ ಮಂಜಿನೊಳಗಿಂದ ಅಂಗಳಕ್ಕೇ ನಡೆದುಬಂದರು. ತಲೆಯ ಮೇಲಿನ ಸೊಪ್ಪಿನ ಹೊರೆಯನ್ನೂ ಬಿಟ್ಟಿರಲಿಲ್ಲ. ಒಬ್ಬಾಕೆ ಹೇಳಿದಳು: "ಕೂಗು ಕೇಳ್ದಂಗಲ್ಲ ಅಮ್ಮ, ಹಗ್ಗ ಹಿಡ್ಕಂಡು ಬಂದಂಗಾಯ್ತು." ಅವತ್ತಿನಿಂದ ಅಜ್ಜನ ಗಂಟಲಿನ ಬಗ್ಗೆ ತಮಾಷೆ ಮಾಡುವಾಗಲೂ ನಮ್ಮ ದನಿ ತಾನಾಗಿ ತಗ್ಗುತ್ತಿತ್ತು.

ಎರಡು ಸಾವಿರದ ಇಸವಿ ದಾಟಿದ ಮೇಲೆ ಆ ಗಂಟಲು ಒಡೆಯತೊಡಗಿತು. ಅಜ್ಜ ಮೊದಲು ಎಲೆಗೆ ಹಚ್ಚುವ ಸುಣ್ಣವನ್ನು ದೂರಿದರು, ಆಮೇಲೆ ಗಾಳಿಯನ್ನು, ಆಮೇಲೆ ಅಜ್ಜಿಯ ಒಗ್ಗರಣೆಯನ್ನು. ಒಂದು ದಿನ ಎದುರು ಗುಡ್ಡದ ಮನೆಯವರು ಫೋನ್ ಮಾಡಿ "ಯಜಮಾನ್ರು ಊರಲ್ಲಿಲ್ವಾ?" ಎಂದು ಕೇಳಿದರು. ಅಜ್ಜ ಅಂದು ಬೆಳಗಿನಿಂದ ಅಂಗಳದಲ್ಲೇ ನಿಂತು ಕೂಗಿದ್ದರು. ಫೋನಿನ ಮಾತು ಕೇಳಿದ ಮೇಲೆ ಒಳಗೆ ಹೋಗಿ ಮಲಗಿದರು.

ಮಂಗಳೂರಿನ ಡಾಕ್ಟರು ನೇರವಾಗಿಯೇ ಹೇಳಿದರು. ಧ್ವನಿಪೆಟ್ಟಿಗೆಯಲ್ಲಿ ಗಡ್ಡೆಯಿದೆ, ತೆಗೆದರೆ ಜೀವ ಉಳಿಯುತ್ತದೆ, ದನಿ ಉಳಿಯುವುದಿಲ್ಲ. ಅಜ್ಜ ಆಗುವುದಿಲ್ಲವೆಂದು ತಲೆಯಾಡಿಸಿದರು. ಆಗ ಅವರ ಮಾತು ಒಣ ತರಗೆಲೆ ತುಳಿದ ಸದ್ದಿನಂತಿತ್ತು.

"ಆಮೇಲೆ ಆಳುಗಳನ್ನ ಊಟಕ್ಕೆ ಕರೆಯೋರು ಯಾರು?"

ಅಪ್ಪ ಸಮಾಧಾನ ಮಾಡಲು ಹೋಗಿ "ಈಗ ಎಲ್ಲರ ಹತ್ರಾನೂ ವಾಚಿದೆ ಅಪ್ಪಯ್ಯ, ಹೊತ್ತಿಗೆ ಅವರೇ ಬರ್ತಾರೆ" ಎಂದ. ಅಷ್ಟು ಕ್ರೂರವಾದ ಸಮಾಧಾನವನ್ನು ನಾನು ಮತ್ತೆಲ್ಲೂ ಕೇಳಿಲ್ಲ. ಅಜ್ಜ ಗೋಡೆಯ ಕಡೆ ತಿರುಗಿಕೊಂಡರು. ಊರಿಗೆ ಬೇಡವಾದ ಮೇಲೆ ಜೀವ ಉಳಿಸಿಕೊಂಡು ಏನು ಮಾಡುವುದು ಎಂಬುದು ಆ ಬೆನ್ನಿನ ಮೇಲೇ ಬರೆದಿತ್ತು.

ಆಗ ಅಜ್ಜಿ ಡಾಕ್ಟರಿಗೆ ಹೇಳಿದರು, ಎಂದಿನ ಅಡುಗೆಮನೆ ದನಿಯಲ್ಲೇ: "ನೀವು ತೆಗೀರಿ ಡಾಕ್ಟ್ರೆ. ಮದ್ವೆಯಾದಾಗಿಂದ ನಂಗೊಂದು ಮಾತು ಆಡೋಕೆ ಸಂದಿ ಸಿಕ್ಕಿಲ್ಲ. ಇನ್ನಾದ್ರೂ ಇವರು ಕೂತು ಕೇಳ್ಲಿ."

ಡಾಕ್ಟರು ನಕ್ಕರು. ಗೋಡೆಯ ಕಡೆ ತಿರುಗಿದ್ದ ಅಜ್ಜನ ಭುಜ ಕುಲುಕಿತು. ಆಮೇಲೆ ಅವರು ಒಪ್ಪಿದರು.

ಮನೆಗೆ ಬಂದ ಮೇಲೆ ಬಹಳ ದಿನ ಅಜ್ಜ ಮಧ್ಯಾಹ್ನದ ಹೊತ್ತು ಹೊರಗೆ ಬರಲೇ ಇಲ್ಲ. ಕಾಫಿ ಕೊಯ್ಲು ಶುರುವಾದ ಮೇಲೆ ಒಂದು ದಿನ ಬಂದರು. ಕುತ್ತಿಗೆಗೆ ಶಾಲು ಸುತ್ತಿಕೊಂಡು ಅಂಗಳದ ಅಂಚಿನಲ್ಲಿ ತೋಟದ ಕಡೆ ಮುಖ ಮಾಡಿ ನಿಂತರು. ನಾನು ಕಾಫಿ ಗೋದಾಮಿನ ಪಕ್ಕದ ನೀರಿನ ತೊಟ್ಟಿಯ ಹತ್ತಿರ ಇದ್ದೆ. ಅಪ್ಪ ಹೇಳಿದ ಹಾಗೆಯೇ ಆಳುಗಳು ವಾಚು ನೋಡಿಕೊಂಡು ಆಗಲೇ ಇಳಿದುಬಂದು ಅಲ್ಲಿ ಕೈ ತೊಳೆಯುತ್ತಿದ್ದರು. ಗೋದಾಮು ಅಡ್ಡವಿದ್ದುದರಿಂದ ಅಡುಗೆಮನೆಗೆ ಇದು ಕಾಣುವಂತಿರಲಿಲ್ಲ.

ಕಿಟಕಿಯಿಂದ ಅಜ್ಜನೊಬ್ಬರನ್ನೇ ಕಂಡ ಅಜ್ಜಿ, ಸೆರಗಿಗೆ ಕೈ ಒರೆಸುತ್ತ ಹೊರಗೆ ಬಂದರು. ಅವರ ಪಕ್ಕ ನಿಂತು, ತೋಟದ ಕಡೆ ಮುಖ ಮಾಡಿ, ಕಣ್ಣು ಮುಚ್ಚಿಕೊಂಡು ಮತ್ತೆ ಮತ್ತೆ ಗಂಟಲು ಸರಿಮಾಡಿಕೊಂಡರು.

ಆಳುಗಳ ಮೇಸ್ತ್ರಿ ಅದನ್ನು ನೋಡಿದ. ತೊಟ್ಟಿಯ ಸುತ್ತ ಇದ್ದವರಿಗೆಲ್ಲ ಬಾಯಿಯ ಮೇಲೆ ಬೆರಳಿಟ್ಟು ತೋರಿಸಿದ. ಎಲ್ಲರೂ ಒದ್ದೆ ಕೈಯಲ್ಲೇ, ಸದ್ದಿಲ್ಲದೆ, ಗೋದಾಮಿನ ಹಿಂದಿನಿಂದ ಗುಡ್ಡ ಹತ್ತಿ ಕಾಫಿ ಗಿಡಗಳ ಮರೆಗೆ ಹೋದರು.

ಅಜ್ಜಿ ಕೂಗಿದರು. ಅದು ಕೂಗೆಂದು ಯಾರಾದರೂ ಹೇಳಿಕೊಡಬೇಕಿತ್ತು. ತುಳಸಿಕಟ್ಟೆ ದಾಟಿದ್ದೇ ಹೆಚ್ಚು. ಸ್ವಲ್ಪ ಹೊತ್ತು ಬಿಟ್ಟು ಮೇಲಿನಿಂದ "ಹೋ" ಎಂದು ಉತ್ತರ ಬಂತು. ಗಿಡಗಳ ನಡುವಿಂದ ಒಬ್ಬೊಬ್ಬರೇ ಇಳಿದುಬಂದರು, ಮುಂದೆ ಮೇಸ್ತ್ರಿ.

"ಎಂಥ ದನಿ ಅಮ್ಮ ನಿಮ್ದು. ಹೊಳೆ ತನಕ ಕೇಳ್ತು."

ಅಜ್ಜಿಯ ಮುಖ ಕೆಂಪಾಯಿತು. "ಕೇಳಿದ್ರಾ? ಹೊಳೆ ತನಕ ಅಂತೆ" ಎಂದು ಅಜ್ಜನ ಕಡೆ ತಿರುಗಿದರು.

ಆಳುಗಳು ತೊಟ್ಟಿಯಿಂದ ಗುಡ್ಡ ಹತ್ತಿದ್ದನ್ನು ನಿಂತಲ್ಲಿಂದಲೇ ಮೊದಲಿಂದ ಕೊನೆಯವರೆಗೆ ನೋಡಿದ್ದ ಅಜ್ಜ, ಅಲ್ಲವೆಂದು ತಲೆಯಾಡಿಸಿದರು. ಆಮೇಲೆ ಶಾಲಿನೊಳಗಿಂದ ಕೈ ತೆಗೆದು, ಹೊಳೆಯನ್ನೂ ದಾಟಿಸಿ, ಎದುರು ಗುಡ್ಡದ ತುದಿಯನ್ನು ತೋರಿಸಿದರು.